ಮಗನ ಕೈ ಕತ್ತರಿಸಿದ ಫೋಟೋ

ಸೇಡು ತೀರಿಸಿಕೊಂಡವರು ಅದನ್ನು ಊರೆಲ್ಲ ಹೇಳಿಕೊಂಡು ತಿರುಗಬಾರದಂತೆ. ಯಾಕೆ ಹೇಳಬಾರದು? ನಾನು ಹೇಳುತ್ತೇನೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕಂಡ ಕಂಡವರ ಸಿಡುಕನ್ನೆಲ್ಲ ನಗುನಗುತ್ತಾ ನುಂಗಿದವಳು ನಾನು. ಒಂದೇ ಒಂದು ಸಲ ನುಂಗಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ನಮ್ಮದು ಅರಸೀಕೆರೆ ಕಡೆ. ವರ್ಗವಾಗಿ ವಡೋದರಾಕ್ಕೆ ಬಂದ ಹೊಸದರಲ್ಲಿ ಭಾನುವಾರ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಒಂದು ಕ್ಯಾಮೆರಾ ಕೊಂಡುಕೊಂಡು ಬೆಳಿಗ್ಗೆ ಬಸ್ಸು ಹತ್ತಿಬಿಡುತ್ತಿದ್ದೆ. ಡಭೋಯಿ, ಪಾದ್ರಾ, ಸಂಖೇಡಾ, ಬೋಡೇಲಿ, ಹೀಗೆ ಸುತ್ತಮುತ್ತಲ ಸಣ್ಣ ಊರುಗಳು. ಕೋಟೆ, ಬಾವಿ, ಗುಡಿ ನನಗೆ ಬೇಕಿರಲಿಲ್ಲ. ನನಗೆ ಬೇಕಾದದ್ದು ಜನರ ಮುಖ. ಜಗುಲಿಯ ಮೇಲೆ ತೊಗರಿಕಾಯಿ ಬಿಡಿಸುವ ಹೆಂಗಸು, ಉಯ್ಯಾಲೆಯ ಕಾಲಿಗೆ ಅರಗಿನ ಬಣ್ಣ ಹಚ್ಚುವ ಗಂಡಸು, ಗಿರಾಕಿಯಿಲ್ಲದೆ ತಾನೇ ಕನ್ನಡಿ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳುವ ಕ್ಷೌರದವನು. ನಗಿ ಎಂದು ನಾನು ಯಾರಿಗೂ ಹೇಳುತ್ತಿರಲಿಲ್ಲ. ನನ್ನದು ಇನ್ನೊಂದು ಕಟ್ಟುನಿಟ್ಟಿತ್ತು. ಮೊದಲ ಪ್ರಿಂಟು ಆ ಮುಖದ ಯಜಮಾನರಿಗೇ ಹೋಗಬೇಕು. ಅವರು ನೋಡಿ, ಹೂಂ ಅಂದಮೇಲೆಯೇ ಬೇರೆಯವರ ಕಣ್ಣಿಗೆ ಬೀಳಬೇಕು. ಮುಖ ಅವರದು, ನನ್ನದೇನಿದೆ ಅದರಲ್ಲಿ?

ಡಭೋಯಿಯ ಹಳೇ ಬಾಗಿಲಿನ ಹತ್ತಿರ ಒಂದು ಖಾರದ ತಿಂಡಿಯ ಅಂಗಡಿ. ಅದರ ಒಡತಿ ಒಬ್ಬ ಮುದುಕಿ. ಊರಿಗೆಲ್ಲ ಆಕೆ 'ಬಾ', ಅಂದರೆ ಅಮ್ಮ. ಗಂಡ ಹೋದಮೇಲೆ ಉಡಲು ಹಿಡಿದ ಬಿಳಿ ಸೀರೆ, ಕೊರಳಲ್ಲಿ ತುಳಸಿ ಮಣಿ, ಬಾಯಿ ಮಾತ್ರ ಸಂತೆ. ಇಬ್ಬರು ಗಂಡುಮಕ್ಕಳು ದೊಡ್ಡ ಬಾಣಲೆಯ ಮುಂದೆ ನಿಂತು ಗಾಠಿಯಾ ಕರಿಯುತ್ತಾರೆ. ಕಡಲೆಹಿಟ್ಟಿನ, ನಮ್ಮ ಖಾರಾಸೇವೆಗಿಂತ ದಪ್ಪನೆಯ, ಮೆತ್ತಗಿನ ತಿಂಡಿ. ಬಾ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಾಳೆ. ಪ್ರತಿ ಸಲ ಬಾಣಲೆಯಿಂದ ತೆಗೆದ ಮೊದಲ ಚೂರು ಆಕೆಯ ಅಂಗೈಗೆ ಬೀಳಬೇಕು. ಆಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಪ್ಪು ಸರಿಯಿದೆ ಎಂದು ತಲೆಯಾಡಿಸಿದರೆ ಮಾತ್ರ ಅದು ತಕ್ಕಡಿಗೆ. ಇಲ್ಲವಾದರೆ ಇಡೀ ಬುಟ್ಟಿ ಹಸುವಿಗೆ. ಹಿರಿಯ ಮಗನಿಗೇ ತಲೆ ನರೆತಿದೆ, ಆದರೂ ಚೂರು ಕೊಟ್ಟು ಅಮ್ಮನ ಮುಖವನ್ನೇ ನೋಡುತ್ತಾ ನಿಲ್ಲುತ್ತಾನೆ.

ನಾನು ತೆಗೆದದ್ದು ಆ ಗಳಿಗೆ. ಬಾಣಲೆಯ ಹೊಗೆ, ಬಾ ಮುಂದೆ ಚಾಚಿದ ಅಂಗೈ, ಅದರ ಮೇಲೆ ಚೂರು ಇಡುತ್ತಿರುವ ಮಗನ ಕೈ. ಮುಂದಿನ ಭಾನುವಾರ ಪ್ರಿಂಟು ಒಯ್ದು ಕೊಟ್ಟೆ. ಬಾ ಮಾತಾಡುವುದು ಗುಜರಾತಿ. ನನ್ನ ಕಿವಿಗೆ ಅದು ನಮ್ಮ ಕಡೆಯ ಮುದುಕಿಯರ ಕನ್ನಡವಾಗಿಯೇ ಕೇಳುತ್ತದೆ, ಹಾಗೇ ಬರೆಯುತ್ತೇನೆ.

"ಅಯ್ಯೋ ನಿನ್ನ ಮುಖಕ್ಕಿಷ್ಟು! ಉಗುರು ನೋಡೋ ನಿಂದು, ಉಗುರು!" ಅಂತ ಮಗನಿಗೆ ಫೋಟೋದಲ್ಲೇ ತಿವಿದಳು. "ಗಿರಾಕಿ ನೋಡುದ್ರೆ ಏನಂದಾರು? ಮೊದ್ಲು ಕತ್ತರಿಸ್ಕೊಂಡು ಬಾ, ಹೋಗು."

ಅವನು ಕತ್ತರಿಸಿಕೊಂಡು ಬಂದು ತೋರಿಸಿದಮೇಲೆ ಫೋಟೋಗೆ ಒಪ್ಪಿಗೆ ಸಿಕ್ಕಿತು. ತಕ್ಕಡಿಯ ಮೇಲುಗಡೆ ಮೊಳೆ ಹೊಡೆಸಿ ತೂಗುಹಾಕಿದಳು. ಅಂದಿನಿಂದ ನಾನು ಆಕೆಗೆ ಮೇಡಂ ಅಲ್ಲ, 'ಬೇಟಾ'.

ಈಗ ಇನ್ನೊಬ್ಬರ ವಿಷಯ. ಅಹಮದಾಬಾದಿನಲ್ಲಿ ನಮ್ಮ ಕನ್ನಡದವರ ಒಂದು ಕೂಟ ಉಂಟು. ಅದರ ಹಿರಿಯರು ಒಬ್ಬರು, ಮೈಸೂರಿನ ಕಡೆಯವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ಅದೇ ಊರಿನ ಬಡಾವಣೆ ಬೋಪಾಲ್‌ನ ಫ್ಲ್ಯಾಟಿನಲ್ಲಿದ್ದಾರೆ. ಸಂಗೀತವಿರಲಿ, ರಂಗೋಲಿಯಿರಲಿ, ಕಲೆಯ ಮಾತು ಬಂದರೆ ಅವರದೇ ಕೊನೆಯ ತೀರ್ಪು. ಫೋಟೋ ಪ್ರದರ್ಶನ ಮಾಡೋಣ ಎಂದು ಅವರು ಕೇಳಿದಾಗ ನಾನು ಖುಷಿಯಾಗಿಯೇ ಕೊಟ್ಟೆ. ಬಾ ಕೈ ಚಾಚಿದ ಚಿತ್ರವೂ ಅದರಲ್ಲಿತ್ತು. ಹೊಗೆ, ಬಾಣಲೆ, ಮಗನ ಕೈ ಎಲ್ಲ ಸೇರಿ ಪೂರ್ತಿ ಚಿತ್ರ.

ಉದ್ಘಾಟನೆಗೆಂದು ರೈಲಿನಲ್ಲಿ ಹೋದೆ. ಸಭಾಂಗಣದ ಎದುರು ಗೋಡೆಯ ಮೇಲೆ ಆ ಚಿತ್ರವನ್ನು ಆಳುದ್ದ ಹಾಕಿದ್ದಾರೆ. ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದ್ದಾರೆ. ಬಾಣಲೆ ಇಲ್ಲ. ಅಂಗಡಿ ಇಲ್ಲ. ಮಗನ ಕೈಯನ್ನು ಬೆರಳ ತುದಿಯ ಸಮೇತ ಕತ್ತರಿಸಿ ಬಿಸಾಡಿದ್ದಾರೆ. ಉಳಿದದ್ದು ಬಿಳಿ ಸೀರೆಯ ಒಂದು ಮುದುಕಿ, ಚಾಚಿದ ಬರಿಗೈ. ಕೆಳಗೆ ದಪ್ಪಕ್ಷರದಲ್ಲಿ: 'ಯಾರೂ ಇಲ್ಲದ ಹಸಿವು'.

ಮೈಯೆಲ್ಲ ಉರಿದುಹೋಯಿತು. ಸುತ್ತ ನಿಂತವರು ತ್ಚು ತ್ಚು ಅನ್ನುತ್ತಾ ಒಂದು ಕೈಯಲ್ಲಿ ಬೋಂಡಾ ತಿನ್ನುತ್ತಿದ್ದರು.

"ಏನ್ ಸಾರ್ ಇದು?" ಅಂದೆ.

"ಏನಮ್ಮಾ, ಹೇಗಿದೆ? ನೀನು ತೆಗೆದಿದ್ದು ಅಂಗಡಿ ಫೋಟೋ. ನಾನು ಅದರೊಳಗಿಂದ ಕಲೆ ತೆಗೆದೆ ನೋಡು. ಆ ಬಾಣಲೆ, ಆ ಕೈ ಎಲ್ಲ ಕಣ್ಣಿಗೆ ಅಡ್ಡ ಬರ್ತಿತ್ತು. ತೆಗೆದ ಮೇಲೆ ಎಂಥಾ ನೋವು!"

"ಎಲ್ಲಿಯ ನೋವು ಸಾರ್? ಅವ್ರು ಉಪ್ಪು ನೋಡ್ತಿದ್ರು!"

ಪಕ್ಕದಲ್ಲಿದ್ದವರು ಗೊಳ್ಳೆಂದು ನಕ್ಕರು. ನನ್ನನ್ನು ನೋಡಿ. ಹಿರಿಯರೂ ನಕ್ಕು, ನನ್ನ ಬೆನ್ನು ತಟ್ಟಿ, "ನಿಧಾನಕ್ಕೆ ಅರ್ಥ ಆಗತ್ತೆ ನಿನಗೆ," ಅಂದರು. ಇಳಿಸಿ ಎಂದು ಹಟ ಹಿಡಿದೆ. ನಾಳೆ ಇಳಿಸ್ತೀನಿ ಅಂದರು. ಇಳಿಸಲಿಲ್ಲ. ಸಾಲದ್ದಕ್ಕೆ, ದಿಕ್ಕಿಲ್ಲದ ವೃದ್ಧರಿಗೆ ನೆರವು ಕೇಳುವ ಯಾವುದೋ ಪೋಸ್ಟರಿಗೆ ಅದನ್ನು ಧರ್ಮಕ್ಕೆ ಕೊಟ್ಟುಬಿಟ್ಟರು. ಆ ಮುದುಕಿಯ ಮುಖವನ್ನು ಇವರು ದಾನ ಮಾಡಿದರು! ಯಾರಪ್ಪನ ಮನೆ ಗಂಟು?

ಆ ಪೋಸ್ಟರು ವಾಟ್ಸ್ಯಾಪಿನಲ್ಲಿ ಹಾರಿತು. ಅದು ನನಗೆ ಗೊತ್ತಾದದ್ದು ಡಭೋಯಿಗೆ ಹೋದಾಗ. ಬಾ ಮಣೆಯಿಂದ ಏಳಲೂ ಇಲ್ಲ, ಕೂತ್ಕೋ ಅನ್ನಲೂ ಇಲ್ಲ.

"ಬನ್ನಿ ಮೇಡಂ," ಅಂದಳು.

ಆ ಒಂದು ಮೇಡಂ ಸಾಕಾಯಿತು. ಕೆನ್ನೆಗೆ ಬಿಗಿದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಹಿರಿಯ ಮಗನೇ ತಗ್ಗಿದ ದನಿಯಲ್ಲಿ ಹೇಳಿದ. ಅವನ ಮಗನಿಗೆ, ಅಂದರೆ ಮುದುಕಿಯ ಮೊಮ್ಮಗನಿಗೆ, ಸೂರತ್ತಿನ ಅಡಾಜಣ್‌ನಿಂದ ಹೆಣ್ಣು ಗೊತ್ತಾಗಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಬಹಳ ಮೆಚ್ಚಿಕೊಂಡಿದ್ದರು. ಸಂಬಂಧ ಪಕ್ಕಾ ಆದಾಗ ಇಲ್ಲಿ ಬೆಲ್ಲ ಮತ್ತು ಕೊತ್ತಂಬರಿ ಬೀಜ ಹಂಚುತ್ತಾರೆ. ಅದಕ್ಕೆ ದಿನವೂ ಗೊತ್ತುಮಾಡಿದ್ದರು. ಅಷ್ಟರಲ್ಲಿ ಹುಡುಗಿಯ ತಾಯಿಯ ಫೋನಿಗೆ ಪೋಸ್ಟರು ಬಂತು. ಮುದುಕಿಗೆ ಅನ್ನ ಹಾಕದೆ ಬೀದಿಗೆ ಬಿಟ್ಟವರ ಮನೆಗೆ ಮಗಳನ್ನು ಕೊಡುವುದೇ? ಹುಡುಗಿಯ ತಂದೆ ತಾನೇ ಬಂದ. ಗಾಠಿಯಾ ಕೊಳ್ಳುವವನ ಹಾಗೆ ನಿಂತು ಅಕ್ಕಪಕ್ಕದವರನ್ನು ವಿಚಾರಿಸಿದ. ಬಾ ತಕ್ಕಡಿಯ ಮೇಲಿನ ಪೂರ್ತಿ ಫೋಟೋ ತೋರಿಸಿದಳು. ಆತ ತಲೆಯಾಡಿಸಿದ.

"ಈಗ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಆಗುತ್ತೆ ಬಾ. ಮಗನ ಕೈಯನ್ನೂ ಸೇರಿಸಬಹುದು."

ಧನುರ್ಮಾಸ ಮುಗಿಯಲಿ, ಉತ್ತರಾಯಣ ಆದಮೇಲೆ ಆಗೋದು ಹೋಗೋದು ಹೇಳ್ತೀವಿ ಎಂದು ಎದ್ದು ಹೋದನಂತೆ. ಮೊಮ್ಮಗ ಊಟ ಬಿಟ್ಟಿದ್ದ.

"ಈ ಊರಿಗೆಲ್ಲ ತಿನ್ಸಿದೀನಿ ಕಣೆ ನಾನು," ಅಂದಳು ಬಾ. "ಗಂಡ ಸತ್ತಾಗ್ಲೂ ಯಾರ ಮುಂದೂ ಕೈ ಚಾಚಲಿಲ್ಲ. ನಿನ್ನ ಫೋಟೋ ನನ್ನ ಭಿಕಾರಿ ಮಾಡ್ತು. ನನ್ನ ಮಕ್ಕಳನ್ನ ಕಟುಕರು ಮಾಡ್ತು."

"ಕತ್ತರಿಸಿದೋಳು ನಾನಲ್ಲ ಬಾ."

"ಹಂಗಾರೆ ಕತ್ತರಿಸಿದೋನ್ನ ಕರ್ಕಂಡು ಬಾ. ಇಲ್ಲಿ ಕೂತು, ಅವನ ಬಾಯಲ್ಲೇ, ಅಡಾಜಣ್‌ನೋರ ಎದುರಿಗೆ ಹೇಳ್ಲಿ. ಅಲ್ಲೀ ತನಕ ಈ ಕಡೆ ತಲೆ ಹಾಕ್ಬೇಡ."

ಹೇಳಿದ್ದರಲ್ಲಿ ತಪ್ಪೇನಿತ್ತು? ಪೂರ್ತಿ ಫೋಟೋವನ್ನು ನಂಬುವವರಿಲ್ಲದ ಮೇಲೆ ಕತ್ತರಿಸಿದವರ ಬಾಯೇ ಸಾಕ್ಷಿ ಹೇಳಬೇಕು. ವಡೋದರಾಕ್ಕೆ ವಾಪಸು ಬರುವ ಬಸ್ಸಿನಿಂದಲೇ ಅವರಿಗೆ ಫೋನು ಮಾಡಿದೆ. ಅಳುವವಳ ಹಾಗೆ ಬೇಡಿಕೊಂಡೆ. ಒಂದು ದಿನದ ಮಾತು ಸಾರ್, ಒಂದು ಮದುವೆ ಉಳಿಯುತ್ತೆ, ನಾನೇ ಕಾರು ಮಾಡಿಸ್ತೀನಿ ಅಂದೆ.

"ಗಾಠಿಯಾ ಮಾರೋ ಹೆಂಗಸಿಗೆ ಕಲೆ ಅರ್ಥ ಆಗಲ್ಲಮ್ಮಾ," ಅಂದರು. "ಫೋಟೋ ಅಂದ್ರೆ ಒಂದು ಸಂಕೇತ ಅಂತ ನೀನೇ ಹೇಳ್ಬಿಡು. ಇಂಥಾ ಚಿಲ್ಲರೆ ವಿಷಯಕ್ಕೆಲ್ಲ ನಾನು ಡಭೋಯಿಗೆ ಹೋಗಿ ಕೂರ್ಲಾ?" ಅದೇ ಉಸಿರಿನಲ್ಲಿ, "ಅಂದ ಹಾಗೆ, ಕೂಟದೋರು ನನಗೆ ಸನ್ಮಾನ ಮಾಡ್ತಾರಂತೆ. ಪರದೆ ಮೇಲೆ ಫೋಟೋ ತೋರಿಸೋ ಕೆಲಸ ನಿಂದೇ. ಮನೆಗೆ ಬಂದು ನನ್ನದೊಂದು ಒಳ್ಳೇ ಫೋಟೋ ತೆಗಿ."

ಬರ್ತೀನಿ ಸಾರ್, ಅಂದೆ. ದನಿಯಲ್ಲಿ ಜೇನು ಸುರಿಯಿತು. ಫೋನು ಇಟ್ಟು ಹಲ್ಲು ಕಡಿದೆ. ನಿನಗೆ ನೀರಿಳಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂತ ಗಟ್ಟಿಯಾಗಿಯೇ ಹೇಳಿರಬೇಕು, ಪಕ್ಕದ ಸೀಟಿನವಳು ಸರಿದು ಕೂತಳು.

ಬೋಪಾಲ್‌ನ ಅವರ ಮನೆಗೆ ಬೇಕೆಂದೇ ಹೇಳಿದ್ದಕ್ಕಿಂತ ಬೇಗ ಹೋದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ಬಹಳ ಸಾತ್ವಿಕ ಹೆಂಗಸು. ಉಪ್ಪಿಟ್ಟು ಕೊಟ್ಟು, "ಇವ್ರಿನ್ನೂ ರೆಡಿಯಾಗಿಲ್ಲ ಕಣಮ್ಮಾ, ಬಾಲ್ಕನೀಲಿ ಕೂತಿದಾರೆ," ಅಂದರು. ಹಿರಿಯರು ಗಡ್ಡ ಕೆರೆದಿರಲಿಲ್ಲ. ತಲೆ ಕೆದರಿತ್ತು. ಭುಜದ ಹತ್ತಿರ ತೂತು ಬಿದ್ದ ಬನಿಯನ್ನು, ಪ್ಲಾಸ್ಟಿಕ್ ಕುರ್ಚಿ. ಪೇಪರಿನಿಂದ ಕಣ್ಣೆತ್ತದೆ, "ಲೇ, ಇನ್ನೊಂದು ಲೋಟ," ಎಂದು ಖಾಲಿ ಲೋಟವನ್ನು ಗಾಳಿಯಲ್ಲಿ ಚಾಚಿದರು. ಹೆಂಡತಿ ಕಾಫಿ ಪಾತ್ರೆ ಹಿಡಿದು ಓಡಿಬಂದು ಬಗ್ಗಿದರು. ಆ ಲೋಟ ಚಾಚಿದ ಕೈ ನೋಡುತ್ತಲೇ ನನಗೆ ಮೈ ಜುಮ್ಮೆಂದಿತು. ಟಕ್ ಅಂತ ಒತ್ತಿದೆ.

ಆಮೇಲೆ ಅವರು ಸ್ನಾನ ಮುಗಿಸಿ, ರೇಷ್ಮೆ ಜುಬ್ಬ ಹಾಕಿ, ಶಾಲು ಹೊದ್ದು, ಗದ್ದ ಎತ್ತಿ ಕೂತರು. ಅದನ್ನೂ ಶ್ರದ್ಧೆಯಿಂದ ತೆಗೆದೆ. ನನ್ನ ಕಟ್ಟುನಿಟ್ಟು ಬಿಡಲಿಲ್ಲ ಮತ್ತೆ. ಅಲ್ಲೇ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಎಲ್ಲವನ್ನೂ ತೋರಿಸಿದೆ, ಬನಿಯನ್ನಿನದನ್ನೂ. ಅವರು ಕನ್ನಡಕ ಹುಡುಕುವ ಗೋಜಿಗೇ ಹೋಗಲಿಲ್ಲ.

"ಚೆನ್ನಾಗಿದೆ, ಚೆನ್ನಾಗಿದೆ. ಯಾವ್ದು ಬೇಕಾದ್ರೂ ಹಾಕು. ನಿನ್ನ ಕಲೆ ಅದು."

ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕೆ? ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಬಣ್ಣ ತೆಗೆದೆ. ಹೆಂಡತಿಯನ್ನು ಕತ್ತರಿಸಿದೆ, ಕಾಫಿ ಪಾತ್ರೆ ಕತ್ತರಿಸಿದೆ, ಬಾಲ್ಕನಿಯ ಹೂಕುಂಡ ಕತ್ತರಿಸಿದೆ. ಬನಿಯನ್ನಿನ ತೂತು ಮಾತ್ರ ಚೆನ್ನಾಗಿ ಕಾಣುವ ಹಾಗೆ ಉಳಿಸಿಕೊಂಡೆ. ಅಂಥ ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಹಾಡು ಗುನುಗುತ್ತಲೇ ಇದ್ದೆ.

ಸನ್ಮಾನದ ದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಪೇಟ ಸುತ್ತಿಕೊಂಡು ಹಿರಿಯರು. ಪರದೆಯ ಮೇಲೆ ಒಂದೊಂದಾಗಿ ಫೋಟೋ ಓಡಿಸಿದೆ. ಬಾಲ್ಯ, ಮದುವೆ, ಹುದ್ದೆ, ಭಾಷಣ. ಚಪ್ಪಾಳೆ. ಶಾಲಿನದೂ ಬಂತು. ಇನ್ನೂ ಚಪ್ಪಾಳೆ. ಕಡೆಯದಾಗಿ ಪರದೆ ತುಂಬ ಕೆದರಿದ ತಲೆಯ ಒಬ್ಬ ಮುದುಕ, ಹರಕು ಬನಿಯನ್ನು, ಮುಂದೆ ಚಾಚಿದ ಖಾಲಿ ಲೋಟ. ಕೆಳಗೆ ದಪ್ಪಕ್ಷರದಲ್ಲಿ: 'ಸುರಿಯುವವರಿಲ್ಲದ ಲೋಟ'.

ನನ್ನ ಹಿಂದಿನ ಸಾಲಿನಲ್ಲಿ ಯಾರೋ, "ಅಯ್ಯೋ ಪಾಪ, ಮನೇಲಿ ನೋಡ್ಕೊಳೋರು ಇಲ್ವಾ ಇವ್ರಿಗೆ?" ಅಂದರು. ತ್ಚು ತ್ಚು ಶುರುವಾಯಿತು. ಆ ಸದ್ದಿಗಾಗಿ ನಾನು ಎಷ್ಟು ಕಾದಿದ್ದೆ!

ಹಿರಿಯರು ಎದ್ದು ನಿಂತರು. ಪೇಟ ಓರೆಯಾಯಿತು. "ತೆಗೀರಿ ಅದನ್ನ! ಏನಮ್ಮಾ ಇದು? ನನ್ನ ಹೆಂಡ್ತಿ ಪಕ್ಕದಲ್ಲೇ ಇದ್ಲು! ಕಾಫಿ ಹಾಕ್ತಿದ್ಲು!"

ನಾನು ಮೈಕು ತಗೊಂಡೆ. "ಹೌದು ಸಾರ್, ಇದ್ರು. ಕಣ್ಣಿಗೆ ಅಡ್ಡ ಬರ್ತಿದ್ರು. ತೆಗೆದ ಮೇಲೆ ನೋಡಿ, ಎಂಥಾ ನೋವು!"

ಪ್ರದರ್ಶನದಲ್ಲಿ ನನ್ನನ್ನು ನೋಡಿ ನಕ್ಕಿದ್ದವರೇ ಈಗ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಯಾರಿಗೂ ಅಲ್ಲದ ಹಾಗೆ, "ಆ ಬನೀನು ಒರೆಸೋ ಬಟ್ಟೆಗೆ ಹಾಕ್ತೀನಿ ಅಂದ್ರೆ ಕೇಳ್ಲಿಲ್ಲ," ಅಂದರು. ಅದಕ್ಕೆ ಇಡೀ ಸಭೆ ನಕ್ಕಿತು. ಇಂಗು ತಿಂದ ಮಂಗನ ಹಾಗೆ ನಿಂತಿದ್ದರು ಮಹಾಶಯರು. ಅಬ್ಬಾ, ಎಂಥ ಸುಖ! ಕೆಲವರು ನನ್ನನ್ನು ಬೈದರು, ಹಿರಿಯರಿಗೆ ಹೀಗಾ ಮಾಡೋದು ಎಂದು. ಬೈಯಲಿ. ಬಾ ಕೂಡ ಹಿರಿಯಳೇ.

ಯಾರೋ ಪರದೆಯ ಫೋಟೋ ತೆಗೆದಿದ್ದರು. ಅದು ಹಾರಿತು, ಪೋಸ್ಟರಿನಂತೆಯೇ. ಮುಂದಿನದನ್ನೆಲ್ಲ ಅವರ ಹೆಂಡತಿಯೇ ನನಗೆ ಫೋನಿನಲ್ಲಿ ನಕ್ಕು ನಕ್ಕು ವರದಿ ಮಾಡಿದರು. ಮೇಲಿನ ಮಹಡಿಯ ಗುಜರಾತಿ ಹೆಂಗಸು, ಅಂಕಲ್‌ಗೆ ಪಾಪ ಎಂದು ಖಿಚಡಿ-ಕಢಿ ತುಂಬಿದ ಡಬ್ಬಿ ತಂದುಕೊಟ್ಟಳಂತೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಚಹಾ ತರಲೇ ಎಂದು ಕೇಳಿದನಂತೆ. ಮೈಸೂರಿನಿಂದ ಷಡ್ಡಕ, "ಬಂದು ಕರ್ಕೊಂಡು ಹೋಗ್ಲಾ ಭಾವ?" ಅಂದನಂತೆ. ಇವರು ಸಿಟ್ಟಿಗೆದ್ದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಕಾಫಿ ಪಾತ್ರೆ ಕೊಟ್ಟು, ಹೊಸ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರಂತೆ. ಈಗೆಲ್ಲ ಕಂಪ್ಯೂಟರಿನಲ್ಲಿ ಮಾಡಿಬಿಡ್ತಾರೆ ಎಂದು ಒಬ್ಬರೂ ನಂಬಲಿಲ್ಲವಂತೆ.

ಕೊನೆಗೆ ಅವರದೇ ಫೋನು ಬಂತು. "ಏನ್ ಬೇಕು ನಿನಗೆ?"

"ನಂಗೇನೂ ಬೇಡ ಸಾರ್. ಡಭೋಯಿಗೆ ಬನ್ನಿ. ನೀವು ಬಂದು ಹೇಳಿದ ದಿನವೇ ನಿಮ್ಮ ಪೂರ್ತಿ ಫೋಟೋನ ನಾನೇ ಎಲ್ಲರಿಗೂ ಕಳಿಸಿ, ಕತ್ತರಿಸಿದ್ದು ನಾನು ಅಂತ ಬರೀತೀನಿ."

ಬಂದರು. ಬರದೆ ಏನು ಮಾಡಿಯಾರು? ಉತ್ತರಾಯಣ, ಇಲ್ಲಿ ಗಾಳಿಪಟದ ಹಬ್ಬ, ಮುಗಿದಿತ್ತು. ಕರೆಂಟು ತಂತಿಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ಜೋತಾಡುತ್ತಿದ್ದವು. ಅಡಾಜಣ್‌ನಿಂದ ಹುಡುಗಿಯ ತಂದೆ ತಾಯಿ ಬಂದಿದ್ದರು. ಮನೆಯೊಳಗೆ ಕೂತು ಮಾತಾಡೋಣ ಎಂದು ಹಿರಿಯರು ಗೊಣಗಿದರು. ಬಾ ಬಿಡಲಿಲ್ಲ. ಬಾಣಲೆಯ ಪಕ್ಕದ ಬೆಂಚಿನ ಮೇಲೆ, ರಸ್ತೆಗೆ ಮುಖ ಮಾಡಿಸಿ ಕೂರಿಸಿದಳು. ಗಿರಾಕಿಗಳು ಪೊಟ್ಟಣ ಹಿಡಿದುಕೊಂಡೇ ನಿಂತರು.

ಅವರಿಗೆ ಗುಜರಾತಿ ಚೆನ್ನಾಗಿಯೇ ಬರುತ್ತದೆ. "ನೋಡಿ, ಚಿತ್ರ ಅಂದ್ರೆ ಅದೊಂದು ಸಂಕೇತ..." ಎಂದು ಶುರುಮಾಡಿದರು. ಬಾ ಎಣ್ಣೆ ಸೋರುವ ಜಾಲರಿ ಸೌಟನ್ನು ಎತ್ತಿ ಹಿಡಿದಳು.

"ಸೀದಾ ಹೇಳು. ಇಲ್ಲಿ ಮಗನ ಕೈ ಇತ್ತೋ ಇಲ್ವೋ?"

"ಇತ್ತು."

"ಏನು ಮಾಡ್ತಿತ್ತು?"

"ಕೊಡ್ತಿತ್ತು. ತಿನ್ನೋಕೆ ಕೊಡ್ತಿತ್ತು." ಬೆವರು ಒರೆಸಿಕೊಂಡರು. "ಕತ್ತರಿಸಿದ್ದು ನಾನು. ಕೆಳಗೆ ಬರೆದದ್ದೂ ನಾನೇ. ಅದು ಸುಳ್ಳು."

ಹುಡುಗಿಯ ತಂದೆ ಮುಂದಕ್ಕೆ ಬಾಗಿದ. "ಯಾಕೆ ಸಾಹೇಬ್, ಕತ್ತರಿಸಿದ್ದು ಯಾಕೆ?"

ಅವರು ಕನ್ನಡಕ ತೆಗೆದು ಜುಬ್ಬದ ಅಂಚಿನಲ್ಲಿ ಒರೆಸಿದರು. ಕಡೆಗೆ, "ಚೆನ್ನಾಗಿ ಕಾಣಲಿ ಅಂತ," ಅಂದರು.

ಹಿರಿಯ ಮಗ ಅಷ್ಟು ಹೊತ್ತೂ ಕರಿಯುತ್ತಲೇ ಇದ್ದ. ಈಗ ಬಾಣಲೆಯಿಂದ ಒಂದು ಚೂರು ತೆಗೆದು ಅಮ್ಮನ ಅಂಗೈ ಮೇಲಿಟ್ಟ. ಅವಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಪ್ಪು ಕಮ್ಮಿ ಎಂದು ಉಗಿದಳು. ಹುಡುಗಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು. ಬೆಲ್ಲ, ಕೊತ್ತಂಬರಿ ಬೀಜ ಒಳಗಿನಿಂದ ಬಂತು. ಮೊಮ್ಮಗ ಬಾಗಿಲ ಹಿಂದೆ ನಿಂತು ಸೂರತ್ತಿಗೆ ಫೋನು ಮಾಡುತ್ತಿದ್ದ.

"ಏನ್ ನೋಡ್ತಾ ನಿಂತೆ ಬೇಟಾ? ಎಲ್ಲರದೂ ಒಂದು ಫೋಟೋ ತೆಗಿ," ಅಂದಳು ಬಾ. ಬೇಟಾ ಅಂದಳು.

ಎರಡು ಮನೆಯವರೂ ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ಹಿರಿಯರು ಮೆಲ್ಲಗೆ ಕಾರಿನ ಕಡೆ ಜಾರುತ್ತಿದ್ದರು. ಬಾ ಕೂಗಿ ಕರೆದಳು. ಮುಂದಿನ ಸಾಲಿನಲ್ಲಿ, ತನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿ ಕೂರಿಸಿದಳು. ತೊಡೆಯ ಮೇಲೊಂದು ಗಾಠಿಯಾ ಪೊಟ್ಟಣ ಇಟ್ಟಳು. ಒಲ್ಲೆ ಅನ್ನುವ ಹಾಗಿರಲಿಲ್ಲ, ಶುಭಕಾರ್ಯ. ಎಲ್ಲರೂ ನಗುತ್ತಿದ್ದಾರೆ, ನಡುವೆ ಇವರೊಬ್ಬರದು ಬೇವು ಅಗಿದ ಮುಖ. ನಾನು ಯಾರಿಗೂ ನಗಿ ಅನ್ನುವವಳಲ್ಲವಲ್ಲ, ಇದ್ದ ಹಾಗೇ ತೆಗೆದೆ. ಮಾತು ಕೊಟ್ಟಂತೆ ಅವರ ಪೂರ್ತಿ ಫೋಟೋವನ್ನೂ ಅವತ್ತೇ ಎಲ್ಲರಿಗೂ ಕಳಿಸಿದೆ. ಅದನ್ನು ಎಷ್ಟು ಜನ ನಂಬಿದರೋ ಗೊತ್ತಿಲ್ಲ, ವಿಚಾರಿಸಲೂ ಇಲ್ಲ.

ಎರಡು ಮನೆಯವರೂ ಕೂಡಿದ ಆ ಚಿತ್ರಕ್ಕೆ ಬಾ ದೊಡ್ಡ ಚೌಕಟ್ಟು ಹಾಕಿಸಿದ್ದಾಳೆ. ಅಂಗಡಿಗೆ ಹೊಸಬರು ಬಂದರೆ ಅವರ ಕಣ್ಣು ಮೊದಲು ಹೋಗುವುದು ಜುಬ್ಬದ ಆ ಸಪ್ಪೆ ಮುಖದ ಮೇಲೆಯೇ. ಮೊನ್ನೆ ಹೋದಾಗ ಒಬ್ಬ ಗಿರಾಕಿ ಕೇಳುತ್ತಿದ್ದ, ಇವರ್ಯಾರು ಬಾ, ನಿಮ್ಮ ನೆಂಟರಾ ಎಂದು.

"ನೆಂಟರಲ್ಲಪ್ಪಾ," ಅಂದಳು ಬಾ, ತಕ್ಕಡಿಯಿಂದ ಕಣ್ಣೆತ್ತದೆ. "ಅಹಮದಾಬಾದಿನೋರು. ಒಂಟಿ ಜೀವ, ಒಂದು ಲೋಟ ಕಾಫಿ ಕೊಡೋಕೂ ದಿಕ್ಕಿಲ್ಲ. ನೋಡಿ ಮನಸ್ಸು ತಡೀಲಿಲ್ಲ. ಶುಭಕಾರ್ಯಕ್ಕೆ ಕರೆಸಿ ಹೊಟ್ಟೆ ತುಂಬ ಊಟ ಹಾಕಿದ್ವಿ."

ಗಿರಾಕಿ ಫೋಟೋ ನೋಡಿ ತ್ಚು ತ್ಚು ಅಂದ. ನಾನು ಅಲ್ಲೇ ಬೆಂಚಿನ ಮೇಲೆ ಬಿಸಿ ಗಾಠಿಯಾ ತಿನ್ನುತ್ತಾ ಕೂತಿದ್ದೆ. ಒಂದಕ್ಷರವನ್ನೂ ತಿದ್ದಲಿಲ್ಲ.